ಎಂಜಿನ್‌ಗೆ ನಿದ್ದೆ ಬೇಡ, ಓಡಿಸುವವರಿಗೆ ಬೇಕು

ಕೊಡಗಿನವರಿಗೆ ರೈಲು ಅಂದರೆ ಮೈಸೂರಿನವರೆಗೆ ಮಾತ್ರ. ನಮ್ಮ ಜಿಲ್ಲೆಯಲ್ಲಿ ಒಂದಡಿ ಹಳಿಯೂ ಇಲ್ಲ. ಮೈಸೂರಿಂದ ಮುಂದೆ ಬಸ್ಸು, ಇಲ್ಲವೇ ಬಾಡಿಗೆ ಕಾರು. ಒಮ್ಮೆ ನಡುರಾತ್ರಿ ಮೈಸೂರಿನಲ್ಲಿ ರೈಲಿಳಿದು ಕಾರು ಹಿಡಿದೆ. ಪಿರಿಯಾಪಟ್ಟಣ ದಾಟಿ ಬೈಲಕುಪ್ಪೆ ಹತ್ತಿರ ಬರುವಾಗ ನಸುಕಿನ ನಾಲ್ಕು ಗಂಟೆ. ದಾರಿ ನೇರವಾಗಿತ್ತು, ಎದುರಿಗೆ ಒಂದು ಗಾಡಿಯೂ ಇರಲಿಲ್ಲ. ಕಾರು ಮೆಲ್ಲಗೆ ಎಡಕ್ಕೆ ಸರಿಯಿತು. ಚಕ್ರ ಮಣ್ಣಿಗಿಳಿದು ಗಡಗಡ ಸದ್ದಾಯಿತು. ಡ್ರೈವರ್ ತಕ್ಷಣ ಸ್ಟಿಯರಿಂಗ್ ಎಳೆದುಕೊಂಡ.

"ಅಣ್ಣ, ಕಣ್ಣು ಮುಚ್ಚಿದ್ರಾ?" ಅಂತ ಕೇಳಿದೆ.

"ಇಲ್ಲ ಸಾರ್, ಎಚ್ಚರವಾಗೇ ಇದ್ದೀನಿ."

ಅವನು ಸುಳ್ಳು ಹೇಳಲಿಲ್ಲ. ತನ್ನ ಕಣ್ಣು ಮುಚ್ಚಿದ್ದು ಅವನಿಗೆ ನಿಜಕ್ಕೂ ಗೊತ್ತಿರಲಿಲ್ಲ. ಹಿಂದಿನ ಬೆಳಗ್ಗೆ ಆರಕ್ಕೆ ಎದ್ದವನು, ಇದು ಮೂರನೇ ಟ್ರಿಪ್ ಅಂತ ಆಮೇಲೆ ಹೇಳಿದ. ಕುಶಾಲನಗರದಲ್ಲಿ ನಿಲ್ಲಿಸಿ, ಮುಖ ತೊಳೆದು, ಒಂದು ಗಂಟೆ ಸೀಟಿನಲ್ಲೇ ಮಲಗಿದ. ನಾನು ಹೊರಗೆ ನಿಂತು ಬೆಳಕು ಹರಿಯುವುದನ್ನು ನೋಡಿದೆ.

ಇದನ್ನು ಕಿರುನಿದ್ದೆ ಅನ್ನಬಹುದು. ಕೆಲವೇ ಸೆಕೆಂಡು ಮೆದುಳು ಹೊರಗಿನ ಲೋಕದ ಸಂಪರ್ಕ ಕಡಿದುಕೊಳ್ಳುತ್ತದೆ. ಕೆಲವೊಮ್ಮೆ ಕಣ್ಣು ತೆರೆದೇ ಇರುತ್ತದೆ. ನಮ್ಮ ಮೈಯೊಳಗೆ ಒಂದು ಗಡಿಯಾರ ಇದೆ. ಸುಮಾರು 24 ಗಂಟೆಗೊಂದು ಸುತ್ತು ಹಾಕುವ ಅದು ಕತ್ತಲು ಬೆಳಕು ನೋಡಿ ತನ್ನನ್ನು ತಿದ್ದಿಕೊಳ್ಳುತ್ತದೆ. ನಸುಕಿಗೆ ಮುಂಚಿನ ಎರಡು ಮೂರು ಗಂಟೆ ಮೈಯ ಬಿಸಿ ಇಳಿದಿರುತ್ತದೆ, ಎಚ್ಚರವೂ ತಳ ಮುಟ್ಟಿರುತ್ತದೆ. ಎಷ್ಟೇ ಗಟ್ಟಿ ಮನಸ್ಸಿನವರಾದರೂ ಈ ಗಡಿಯಾರ ಮಾತು ಕೇಳುವುದಿಲ್ಲ. 1997ರಲ್ಲಿ ಆಸ್ಟ್ರೇಲಿಯಾದ ಡಾಸನ್ ಮತ್ತು ರೀಡ್ ಎಂಬ ಇಬ್ಬರು ವಿಜ್ಞಾನಿಗಳು 'ನೇಚರ್' ಪತ್ರಿಕೆಯಲ್ಲಿ ಒಂದು ಲೆಕ್ಕ ಪ್ರಕಟಿಸಿದರು. ಸತತ 17 ಗಂಟೆ ಎಚ್ಚರ ಇದ್ದವರ ಕೈ-ಕಣ್ಣಿನ ಚುರುಕು, ರಕ್ತದಲ್ಲಿ 0.05 ಶೇಕಡಾ ಮದ್ಯ ಇರುವವರ ಮಟ್ಟಕ್ಕೆ ಇಳಿದಿತ್ತು. ನಮ್ಮ ದೇಶದಲ್ಲಿ ವಾಹನ ಓಡಿಸುವವರಿಗೆ ಮಿತಿ 0.03 ಶೇಕಡಾ. ನನ್ನ ಡ್ರೈವರ್ ಎಚ್ಚರವಿದ್ದು 22 ಗಂಟೆ ಆಗಿತ್ತು. ಒಂದು ಹನಿಯೂ ಕುಡಿದಿರಲಿಲ್ಲ.

ಅವತ್ತಿಂದ ರೈಲ್ವೆ ಮುಷ್ಕರದ ಸುದ್ದಿಗಳನ್ನು ನಾನು ಓದುವ ರೀತಿಯೇ ಬದಲಾಯಿತು. ಮುಷ್ಕರ ಅಂದರೆ ಸಂಬಳ, ಬೋನಸ್ಸು ಅಂದುಕೊಂಡಿದ್ದೆ. ಅವೂ ಇರುತ್ತವೆ. ಆದರೆ ಎಂಜಿನ್ ಓಡಿಸುವವರ ಬೇಡಿಕೆ ಪಟ್ಟಿ ತೆಗೆದು ನೋಡಿ, ಅದರಲ್ಲಿ ನಿದ್ದೆ ಇದ್ದೇ ಇರುತ್ತದೆ.

1974ರ ಮೇ 8ರಂದು ಶುರುವಾದ ಮುಷ್ಕರವನ್ನೇ ತೆಗೆದುಕೊಳ್ಳಿ. ಸುಮಾರು 17 ಲಕ್ಷ ನೌಕರರು, 20 ದಿನ. ಮುಂದೆ ನಿಂತವರು ನಮ್ಮ ಮಂಗಳೂರಿನಲ್ಲಿ ಹುಟ್ಟಿದ ಜಾರ್ಜ್ ಫರ್ನಾಂಡಿಸ್. ಮುಂದೆ ಅವರೇ ರೈಲ್ವೆ ಮಂತ್ರಿಯೂ ಆದರು. ಆ ಮುಷ್ಕರದ ಬೇಡಿಕೆಗಳಲ್ಲಿ ಎಂಟು ಗಂಟೆಯ ಕೆಲಸವೂ ಒಂದು. ಬ್ರಿಟಿಷರ ಕಾಲದಲ್ಲಿ ಎಂಜಿನ್ ಓಡಿಸುವವರ ಕೆಲಸವನ್ನು 'ನಿರಂತರ' ಅಂತ ಬರೆದಿಟ್ಟಿದ್ದರು. ಗಾಡಿ ಓಡುವಷ್ಟು ಹೊತ್ತೂ ಡ್ಯೂಟಿ. ಗೂಡ್ಸ್ ಗಾಡಿಯಲ್ಲಿ ಅದು ದಿನಗಟ್ಟಲೆ ಆಗುತ್ತಿತ್ತು.

ಇಲ್ಲಿ ನನಗೆ ತುಂಬಾ ಮುಖ್ಯ ಅನಿಸುವ ಸಂಗತಿ ಒಂದಿದೆ. ಉಗಿ ಎಂಜಿನ್ ಕಷ್ಟದ ಯಂತ್ರವೇ ಸರಿ. ಬಿಸಿ, ಮಸಿ, ಹೊಗೆ. ಆದರೆ ಅದಕ್ಕೆ ನೀರು ಬೇಕು, ಕಲ್ಲಿದ್ದಲು ಬೇಕು, ಬೂದಿ ತೆಗೆಯಬೇಕು. ಹಾಗಾಗಿ ಅದು ಆಗಾಗ ನಿಲ್ಲುತ್ತಿತ್ತು. ಎಂಜಿನ್ ನಿಂತಾಗ ಮನುಷ್ಯನಿಗೂ ಸ್ವಲ್ಪ ಉಸಿರು ಸಿಗುತ್ತಿತ್ತು. ಡೀಸೆಲ್ ಎಂಜಿನ್ ಬಂದಾಗ ಆ ನಿಲುಗಡೆಗಳು ಕಳೆದುಹೋದವು. ಯಂತ್ರ ಸುಧಾರಿಸಿತು, ಗಾಡಿ ಜಾಸ್ತಿ ದೂರ ಓಡಿತು, ಉಳಿದ ಸಮಯ ಯಾರ ಪಾಲಿಗೆ ಹೋಯಿತು? ಓಡಿಸುವವನಿಗಂತೂ ಬರಲಿಲ್ಲ. ಐವತ್ತು ವರ್ಷದ ಮೇಲೆ, 2024ರ ಜೂನ್‌ನಲ್ಲಿ, ದಕ್ಷಿಣ ರೈಲ್ವೆಯಲ್ಲಿ ಎಂಜಿನ್ ಓಡಿಸುವ ಲೋಕೋ ಪೈಲಟ್‌ಗಳು ಹೋರಾಟಕ್ಕಿಳಿದಾಗ ಕೇಳಿದ್ದೂ ಇದನ್ನೇ: ವಾರಕ್ಕೆ ಒಮ್ಮೆ ಒಟ್ಟು 46 ಗಂಟೆ ಬಿಡುವು, ಸಾಲಾಗಿ ಎರಡಕ್ಕಿಂತ ಜಾಸ್ತಿ ರಾತ್ರಿ ಡ್ಯೂಟಿ ಬೇಡ. ಇದು ಸೋಮಾರಿತನದ ಮಾತಲ್ಲ. ಮೈಯ ಗಡಿಯಾರದ ಲೆಕ್ಕ.

ಕಾರಿಗಿಂತ ರೈಲಿನಲ್ಲಿ ಈ ಲೆಕ್ಕ ಯಾಕೆ ಇನ್ನೂ ಬಿಗಿ ಅಂದರೆ, ಉಕ್ಕಿನ ಹಳಿಯ ಮೇಲೆ ಉಕ್ಕಿನ ಚಕ್ರ ಉರುಳುತ್ತದೆ. ಉರುಳುವಾಗಿನ ತಡೆ ತುಂಬಾ ಕಡಿಮೆ. ಅದಕ್ಕೇ ಅಷ್ಟು ಭಾರವನ್ನು ಅಷ್ಟು ಕಮ್ಮಿ ಇಂಧನದಲ್ಲಿ ಎಳೆಯಲು ಆಗುವುದು. ಆದರೆ ಚಕ್ರಕ್ಕೆ ಹಿಡಿತವೂ ಕಡಿಮೆ, ಅದು ನಿಲ್ಲಿಸುವಾಗ ಕಾಡುತ್ತದೆ. ಗಂಟೆಗೆ 110 ಕಿ.ಮೀ. ವೇಗದ ರೈಲು ಒಂದು ಸೆಕೆಂಡಿಗೆ 30 ಮೀಟರ್ ಸಾಗುತ್ತದೆ. ತುರ್ತು ಬ್ರೇಕ್ ಹಾಕಿದರೂ ಪೂರ್ತಿ ನಿಲ್ಲಲು ಸುಮಾರು ಒಂದು ಕಿ.ಮೀ. ಬೇಕು. ನಾಲ್ಕು ಸೆಕೆಂಡಿನ ಕಿರುನಿದ್ದೆಯಲ್ಲಿ ಹೋಗುವ 120 ಮೀಟರ್ ಅದರ ಮೇಲೆ. ಮಣ್ಣಿಗಿಳಿದು ಗಡಗಡ ಅಂದು ಎಬ್ಬಿಸಲು ಅಲ್ಲಿ ರಸ್ತೆಯ ಅಂಚೂ ಇಲ್ಲ.

ಎಬ್ಬಿಸಲು ಯಂತ್ರ ಇಟ್ಟಿದ್ದಾರೆ. ಲೋಕೋ ಪೈಲಟ್ ಒಂದು ನಿಮಿಷ ಏನನ್ನೂ ಮುಟ್ಟದಿದ್ದರೆ ಮೊದಲು ದೀಪ ಮಿನುಗುತ್ತದೆ, ಆಮೇಲೆ ಸದ್ದು, ಅದಕ್ಕೂ ಏಳದಿದ್ದರೆ ಬ್ರೇಕ್. ಆದರೆ ರೂಢಿಯಾದ ಕೈ ಅರೆನಿದ್ದೆಯಲ್ಲೂ ಗುಂಡಿ ಒತ್ತಬಲ್ಲದು. ಬೆಳಗ್ಗೆ ಅಲಾರಂ ಬಂದ್ ಮಾಡಿದ್ದು ನಮಗೆ ನೆನಪೇ ಇರುವುದಿಲ್ಲ ಅಲ್ವಾ, ಹಾಗೆ. ರೈಲು ಡಿಕ್ಕಿ ತಪ್ಪಿಸಲು ಮಾಡಿದ 'ಕವಚ್' ಎಂಬ ವ್ಯವಸ್ಥೆ ಇದಕ್ಕಿಂತ ಜಾಣ. ಹಳಿಗಳ ನಡುವೆ ಕೂರಿಸಿದ ಚಿಕ್ಕ ಬಿಲ್ಲೆಗಳನ್ನು ಓದಿ ಗಾಡಿ ಎಲ್ಲಿದೆ ಅಂತ ತಿಳಿಯುತ್ತದೆ, ಮುಂದಿನ ಸಿಗ್ನಲ್ ಕೆಂಪೋ ಹಸಿರೋ ಅನ್ನುವುದನ್ನು ರೇಡಿಯೋದಲ್ಲಿ ಪಡೆಯುತ್ತದೆ, ಮನುಷ್ಯ ಬ್ರೇಕ್ ಹಾಕದಿದ್ದರೆ ತಾನೇ ಹಾಕುತ್ತದೆ. ಇದು ಎಲ್ಲ ದಾರಿಗೂ ಬೇಗ ಬರಲಿ. ಆದರೂ ಕವಚ್ ಅಪಘಾತ ತಪ್ಪಿಸಬಹುದೇ ಹೊರತು, ದಣಿದವರ ದಣಿವು ಕಳೆಯುವುದಿಲ್ಲ.

ಹಾಗಾದರೆ ಡ್ರೈವರೇ ಇಲ್ಲದ ರೈಲು? ಅದೂ ಬಂದಾಗಿದೆ. ದೆಹಲಿ ಮೆಟ್ರೋದ ಮಜೆಂಟಾ ಮಾರ್ಗದಲ್ಲಿ 2020ರ ಡಿಸೆಂಬರ್‌ನಿಂದ ಓಡುತ್ತಿದೆ. 2019ರ ಡಿಸೆಂಬರ್‌ನಲ್ಲಿ ಪ್ಯಾರಿಸ್ ಸಾರಿಗೆ ನೌಕರರು ದೊಡ್ಡ ಮುಷ್ಕರ ಹೂಡಿದಾಗ ಹೆಚ್ಚಿನ ಮೆಟ್ರೋ ಮಾರ್ಗಗಳು ಸ್ತಬ್ಧವಾದವು. ಡ್ರೈವರ್ ಇಲ್ಲದ 1 ಮತ್ತು 14ನೇ ಮಾರ್ಗ ಮಾತ್ರ ಎಂದಿನಂತೆ ಓಡಿದವು. ಮೆಟ್ರೋ ಹಳಿಗೆ ಹೊರಗಿನವರು ಯಾರೂ ಬರುವುದಿಲ್ಲ, ಅದಕ್ಕೇ ಇದು ಸಾಧ್ಯ. ಮೈಸೂರು–ಕುಶಾಲನಗರ ಮಾರ್ಗ, ಸುಮಾರು 87 ಕಿ.ಮೀ., ವರ್ಷಗಳಿಂದ ಮಾತಿನಲ್ಲೇ ಇದೆ. ಅದು ಬಂದರೆ ಬಯಲಲ್ಲಿ ಓಡುವ ಗಾಡಿ. ದನ ಅಡ್ಡ ಬರುತ್ತದೆ, ನಮ್ಮ ಕಡೆ ಆನೆಯೂ ಬರಬಹುದು. ಅಲ್ಲಿ ಕಣ್ಣು ತೆರೆದ ಮನುಷ್ಯ ಇನ್ನೂ ಬಹಳ ವರ್ಷ ಬೇಕು.

ಮುಷ್ಕರದಿಂದ ಪ್ರಯಾಣಿಕರೂ ಬದಲಾಗುತ್ತಾರೆ. 2014ರ ಫೆಬ್ರುವರಿಯಲ್ಲಿ ಲಂಡನ್ನಿನ ಸುರಂಗ ರೈಲು ನೌಕರರು ಎರಡು ದಿನ ಕೆಲಸ ನಿಲ್ಲಿಸಿದಾಗ ಜನ ಬೇರೆ ದಾರಿ ಹುಡುಕಿದರು. ಅರ್ಥಶಾಸ್ತ್ರಜ್ಞರು ಪ್ರಯಾಣದ ಕಾರ್ಡುಗಳ ದಾಖಲೆ ಹಿಡಿದು ನೋಡಿದರೆ, ಸುಮಾರು 5 ಶೇಕಡಾ ಮಂದಿ ಮುಷ್ಕರ ಮುಗಿದ ಮೇಲೂ ಹೊಸ ದಾರಿಯಲ್ಲೇ ಉಳಿದಿದ್ದರು. ದಿನಾ ಹೋಗುವ ದಾರಿಗಿಂತ ಒಳ್ಳೆಯದು ಇದೆ ಅಂತ ಅವರಿಗೆ ಅಲ್ಲಿಯವರೆಗೆ ಗೊತ್ತೇ ಇರಲಿಲ್ಲ. 2022ರಲ್ಲಿ ಬ್ರಿಟನ್ನಿನಲ್ಲಿ ರೈಲು ನಿಂತಾಗ ಎಷ್ಟೋ ಕಚೇರಿ ಮಂದಿ ಮನೆಯಲ್ಲೇ ಕಂಪ್ಯೂಟರ್ ತೆರೆದು ಕೂತರು. 2021ರ ಏಪ್ರಿಲ್‌ನಲ್ಲಿ ಸರ್ಕಾರಿ ಬಸ್ಸು ನಿಂತಾಗ ನಮ್ಮಲ್ಲೂ ಜನ ಖಾಸಗಿ ಬಸ್ಸು, ಜೀಪು ಹಿಡಿದರು. ತೋಟದ ಮನೆಗೆ ಮರಳಿದ್ದ ಹುಡುಗ ಹುಡುಗಿಯರು ನೆಟ್‌ವರ್ಕ್ ಸಿಗುವ ಜಾಗ ಹುಡುಕಿ ಅಲ್ಲಿಂದಲೇ ಬೆಂಗಳೂರಿನ ಕೆಲಸ ಮಾಡುತ್ತಿದ್ದ ಕಾಲ ಅದು. ಅಂಥವರಿಗೆ ದಿನಾ ಬೇಕಾಗುವ ಪಾಸ್ ಬೇಡ, ವಾರಕ್ಕೆ ಎರಡು ದಿನ ನಂಬಿ ಹತ್ತುವ ಗಾಡಿ ಬೇಕು. ನಾಳಿನ ವೇಳಾಪಟ್ಟಿ ಹಾಕುವವರು ಇದನ್ನು ನೋಡಬೇಕು.

ಕುಶಾಲನಗರದ ರೈಲು ನಿಲ್ದಾಣದ ನಕ್ಷೆ ಎಂದಾದರೂ ಕೈಗೆ ಬಂದರೆ ಎಲ್ಲರೂ ಪ್ಲಾಟ್‌ಫಾರ್ಮ್ ಎಲ್ಲಿ, ಪಾರ್ಕಿಂಗ್ ಎಲ್ಲಿ ಅಂತ ನೋಡುತ್ತಾರೆ. ನಾನು ಹುಡುಕುವುದು ರನ್ನಿಂಗ್ ರೂಮನ್ನು. ಗಾಡಿ ತಂದ ಲೋಕೋ ಪೈಲಟ್ ಮರಳಿ ಹೊರಡುವ ಮುಂಚೆ ಮಲಗುವ ಕೋಣೆ ಅದು. ಹಾರ್ನ್ ಸದ್ದು ಕೇಳದಷ್ಟು ದೂರದಲ್ಲಿ, ಹಗಲಿನಲ್ಲೂ ಕತ್ತಲಾಗುವ ದಪ್ಪ ಪರದೆ ಹಾಕಿ, ಮಳೆಗಾಲದಲ್ಲೂ ಹಾಸಿಗೆ ಒದ್ದೆಯಾಗದ ಹಾಗೆ ಕಟ್ಟಿದ್ದಾರಾ ಅಂತ ನೋಡುತ್ತೇನೆ.