ಮಗು ಇಷ್ಟ ಬಂದದ್ದನ್ನೇ ಮಾಡ್ತಾ ಕೂತರೆ ಅಕ್ಷರ ಕಲಿಯೋದು ಯಾವಾಗ?

ಪ್ರಶ್ನೆ: ನಾಲ್ಕು ವರ್ಷದ ಮಗ ಮಡಿಕೇರಿಯ ಒಂದು ಮಾಂಟೆಸ್ಸರಿಗೆ ಹೋಗುತ್ತಾನೆ. ಇವತ್ತು ಏನು ಕಲಿತೆ ಅಂದ್ರೆ 'ನೀರು ಸುರಿದೆ' ಅಂತಾನೆ. ಮಕ್ಕಳು ತಮಗೆ ಬೇಕಾದ್ದು ಮಾಡುವುದಾದರೆ ಟೀಚರ್ ಯಾಕೆ ಅಂತ ಅತ್ತೆ ಕೇಳುತ್ತಾರೆ. ಏನು ಹೇಳಲಿ?

ನಿಮ್ಮ ಅತ್ತೆ ಕೇಳಿದ್ದು ಸರಿಯಾಗೇ ಇದೆ. ಸುಮ್ನೆ ಬಿಟ್ಟುಬಿಡುವುದೇ ಈ ಪದ್ಧತಿಯಾಗಿದ್ದರೆ ಫೀಸು ಯಾಕೆ ಕಟ್ಟಬೇಕು? ಅದು ಮನೆ ಅಂಗಳದಲ್ಲೇ ಪುಕ್ಕಟೆ ಸಿಗುತ್ತದೆ.

ಮಗು ಆರಿಸಿಕೊಳ್ಳುವುದು ನಿಜ. ಆದರೆ ಕಪಾಟಿನಲ್ಲಿ ಏನೇನಿರಬೇಕು ಅಂತ ಮೊದಲು ಆರಿಸುವವರು ಟೀಚರ್. ಹೇಗೆ ಬಳಸಬೇಕು ಅಂತ ತೋರಿಸಿಕೊಟ್ಟು ಪಕ್ಕಕ್ಕೆ ಸರಿಯುತ್ತಾರೆ, ನೋಡುತ್ತಾ ಇರುತ್ತಾರೆ. ಮುಗಿದ ಮೇಲೆ ಸಾಮಾನು ಅದರ ಜಾಗಕ್ಕೆ ಹೋಗಬೇಕು. ಇನ್ನೊಬ್ಬರ ಕೈಯಿಂದ ಕಿತ್ತುಕೊಳ್ಳುವ ಹಾಗಿಲ್ಲ.

ಅಲ್ಲಿ ಒಂದು ಉದ್ದನೆ ಮರದ ತುಂಡು ಇರುತ್ತದೆ. ಅದರಲ್ಲಿ ಬೇರೆ ಬೇರೆ ಗಾತ್ರದ 10 ಗುಳಿ, ಅವಕ್ಕೆ ಸರಿಯಾಗಿ ಕೂರುವ, ಡಬ್ಬಿಯ ಆಕಾರದ 10 ಮರದ ಗುಂಡುಗಳು. ಸಣ್ಣ ಗುಂಡನ್ನು ದೊಡ್ಡ ಗುಳಿಗೆ ಹಾಕಿದರೆ ಆಗ ಏನೂ ಗೊತ್ತಾಗುವುದಿಲ್ಲ. ಕೊನೆಗೆ ಕೈಯಲ್ಲಿ ಒಂದು ದಪ್ಪನೆಯದು ಉಳಿಯುತ್ತದೆ, ಅದು ಎಲ್ಲೂ ಹಿಡಿಸುವುದಿಲ್ಲ. 'ತಪ್ಪು' ಅಂತ ಯಾರೂ ಹೇಳಬೇಕಾಗಿಲ್ಲ. ನಮ್ಮ ಜೂನ್ ಮಳೆಯಲ್ಲಿ ಗಮ್ ಬೂಟನ್ನು ಎಡಬಲ ಮಾಡಿ ಹಾಕಿಕೊಂಡ ಮಗುವಿಗೆ ನಾಲ್ಕು ಹೆಜ್ಜೆಯಲ್ಲಿ ಬೂಟೇ ಹೇಳುತ್ತದಲ್ವಾ, ಹಾಗೆ. ಕಷ್ಟ ಇರುವುದು ನಮಗೆ. ಗೇಟಿನ ಹತ್ತಿರ ಆಟೋ ಹಾರ್ನ್ ಹೊಡೀತಾ ಇರುವಾಗ ಆ ನಾಲ್ಕು ಹೆಜ್ಜೆ ಕಾಯುವ ತಾಳ್ಮೆ ನನಗಂತೂ ಎಷ್ಟೋ ಸಲ ಇರಲಿಲ್ಲ.

ಆ ಗುಂಡುಗಳ ತಲೆಯ ಮೇಲೆ ಪುಟ್ಟ ಹಿಡಿ ಇದೆ. ಅದನ್ನು ಮೂರು ಬೆರಳಲ್ಲಿ ಹಿಡಿಯಬೇಕು, ಪೆನ್ಸಿಲ್ ಹಿಡಿದ ಹಾಗೆ. ನೀರು ಸುರಿಯುವಾಗ ಮಣಿಕಟ್ಟು ಹತೋಟಿಗೆ ಬರುತ್ತದೆ. ಆಮೇಲೆ ಉಪ್ಪುಕಾಗದದಲ್ಲಿ ಕತ್ತರಿಸಿದ ಅಕ್ಷರಗಳು. ಬೆರಳಾಡಿಸುತ್ತಾ ಅದರ ಸದ್ದು ಹೇಳುವುದು. ಹಾಗಾಗಿ ಇಲ್ಲಿ ಎಷ್ಟೋ ಮಕ್ಕಳಿಗೆ ಓದಿಗಿಂತ ಮೊದಲು ಬರಹ ಬರುತ್ತದೆ.

ಇದು ಶ್ರೀಮಂತರ ಶೋಕಿ ಅನ್ನುವವರೂ ಇದ್ದಾರೆ. ಆದರೆ ಡಾಕ್ಟರ್ ಆಗಿದ್ದ ಮರಿಯಾ ಮಾಂಟೆಸ್ಸರಿ 1907ರಲ್ಲಿ ಇದನ್ನು ಶುರು ಮಾಡಿದ್ದು ರೋಮಿನ ಸ್ಯಾನ್ ಲೊರೆಂಜೊ ಎಂಬ ಬಡವರ ಕೇರಿಯಲ್ಲಿ. ಅಪ್ಪ ಅಮ್ಮ ದುಡಿಯಲು ಹೋದರೆ ಮಕ್ಕಳು ಇಡೀ ದಿನ ಒಂಟಿ. ಕಾಫಿ ಕೊಯ್ಲಿನ ಹೊತ್ತಿನ ನಮ್ಮ ತೋಟದ ಕೆಲಸಗಾರರ ಲೈನ್ ಮನೆಗಳನ್ನು ನೆನೆಸಿಕೊಳ್ಳಿ. 1939ರಲ್ಲಿ ಆಕೆ ಮದ್ರಾಸಿಗೆ ಬಂದು, ಎರಡನೇ ಮಹಾಯುದ್ಧದಿಂದಾಗಿ ವರ್ಷಗಟ್ಟಲೆ ಭಾರತದಲ್ಲೇ ಉಳಿದರು.

ಅಷ್ಟು ದೂರ ಯಾಕೆ, ನಮ್ಮ ಸರ್ಕಾರಿ ಶಾಲೆಯ ನಲಿ-ಕಲಿ ಹುಟ್ಟಿದ್ದು ಪಕ್ಕದ ಎಚ್.ಡಿ. ಕೋಟೆಯಲ್ಲಿ, 1995ರಲ್ಲಿ. ಕೆಳಗಿನ ಕ್ಲಾಸುಗಳ ಮಕ್ಕಳು ಒಟ್ಟಿಗೆ ಕೂತು, ಪಾಠದ ಕಾರ್ಡು ಹಿಡಿದು, ಅವರವರ ವೇಗದಲ್ಲಿ ಕಲಿಕೆಯ ಮೆಟ್ಟಿಲು ಹತ್ತುತ್ತಾರೆ. ಒಬ್ಬರೇ ಟೀಚರ್ ಎಲ್ಲವನ್ನೂ ಸಂಭಾಳಿಸುವ ಕಡೆ ಇದು ಸುಲಭವಲ್ಲ.

ಮಾಂಟೆಸ್ಸರಿ ಅಂತ ಬೋರ್ಡು ಯಾರು ಬೇಕಾದರೂ ಹಾಕಬಹುದು. ಆದ್ದರಿಂದ ಒಂದು ದಿನ ಕೇಳಿಕೊಂಡು ಹೋಗಿ ಅರ್ಧ ಗಂಟೆ ಮೂಲೆಯಲ್ಲಿ ಕೂತು ನೋಡಿ. ಎಲ್ಲ ಮಕ್ಕಳೂ ಒಟ್ಟಿಗೆ 'ಅ' ತಿದ್ದುತ್ತಾ, ಟೀಚರ್ ದನಿಯೇ ಜಾಸ್ತಿ ಕೇಳಿದರೆ ಅನುಮಾನಪಡಿ.

ಅತ್ತೆಗೆ ಬಾಯಲ್ಲಿ ಹೇಳಲು ಹೋಗಬೇಡಿ. ನಾಳೆ ಮಧ್ಯಾಹ್ನ ಊಟಕ್ಕೆ ಕೂತಾಗ ಸಣ್ಣ ಚೊಂಬಿನಿಂದ ಎಲ್ಲರ ಲೋಟಕ್ಕೂ ಅವನೇ ನೀರು ಹಾಕಲಿ. ಒರೆಸುವ ಬಟ್ಟೆಯೂ ಅವನ ಕೈಗೆಟಕುವಲ್ಲೇ ಇರಲಿ.