ಪಿಎಫ್‌ಎಎಸ್ ಸ್ಕ್ರೀನಿಂಗ್: ಫ್ಲೋರೈಡ್ ಕಿಟ್ ಮಾಡುವ ಕೆಲಸ ಇದಲ್ಲ

"ಫ್ಲೋರೈಡ್ ಕಿಟ್‌ನಲ್ಲಿ ಮಣ್ಣು ಸ್ಕ್ರೀನಿಂಗ್ ಮಾಡಿಸಿದೆವು, ಪಿಎಫ್‌ಎಎಸ್ ಇಲ್ಲ." ಇಂಥ ಮಾತು ಈಗೀಗ ಜಾಸ್ತಿ ಕಣ್ಣಿಗೆ ಬೀಳುತ್ತಿದೆ. ಪಿಎಫ್‌ಎಎಸ್ ಅಂದರೆ ಫ್ಲೋರಿನ್ ಇರುವ, ಮನುಷ್ಯ ತಯಾರಿಸಿದ ರಾಸಾಯನಿಕಗಳ ಒಂದು ದೊಡ್ಡ ಕುಟುಂಬ. ಒಂದೇ ವಾಕ್ಯದಲ್ಲಿ ಎರಡು ತಪ್ಪು. ಎರಡನ್ನೂ ಬಿಡಿಸಿ ಹೇಳಲೇಬೇಕು.

ಮೊದಲು ಕಿಟ್ ವಿಷಯ. ಪಾವಗಡ, ಬಾಗೇಪಲ್ಲಿ, ಕೋಲಾರದ ಕಡೆಯವರಿಗೆ ಫ್ಲೋರೈಡ್ ಹೊಸದಲ್ಲ. ಅದು ಬಂಡೆಯಿಂದ ಕೊಳವೆಬಾವಿ ನೀರಿಗೆ ಇಳಿದು ಬರುವ ಫ್ಲೋರಿನ್‌ನ ಅಯಾನು, ಅಂದರೆ ವಿದ್ಯುತ್ ಆವೇಶ ಹೊತ್ತ ಬಿಡಿ ಕಣ. ಕಿಟ್‌ನ ಗುಲಾಬಿ ಬಣ್ಣ ಹಳದಿ ಕಡೆಗೆ ತಿರುಗುವುದು ಈ ಬಿಡಿ ಅಯಾನು ಸಿಕ್ಕಾಗ ಮಾತ್ರ. ಪಿಎಫ್‌ಎಎಸ್‌ನ ಫ್ಲೋರಿನ್ ಬಿಡಿಯಾಗಿರುವುದಿಲ್ಲ. ಅದು ಕಾರ್ಬನ್ ಸರಪಳಿಗೆ ಗಟ್ಟಿಯಾಗಿ ಅಂಟಿಕೊಂಡಿರುತ್ತದೆ. ಆ ಬಂಧ ಸುಲಭಕ್ಕೆ ಮುರಿಯದ ಕಾರಣಕ್ಕೇ ಈ ರಾಸಾಯನಿಕಗಳು ಮಣ್ಣಿನಲ್ಲಿ ದಶಕಗಟ್ಟಲೆ ಉಳಿಯುತ್ತವೆ. ಹಾಗಾಗಿ ಕಿಟ್‌ಗೆ ಅವು ಕಾಣುವುದೇ ಇಲ್ಲ.

ಪ್ರಮಾಣದ ಅಂತರವನ್ನೂ ನೋಡಿ. ನಮ್ಮ ಕುಡಿಯುವ ನೀರಿನಲ್ಲಿ ಫ್ಲೋರೈಡ್‌ಗೆ ಒಪ್ಪಿತ ಮಿತಿ ಲೀಟರಿಗೆ 1 ಮಿಲಿಗ್ರಾಂ. ಪಿಎಫ್‌ಎಎಸ್ ಗುಂಪಿನ ಪಿಎಫ್‌ಒಎ, ಪಿಎಫ್‌ಒಎಸ್‌ಗಳಿಗೆ ಅಮೆರಿಕ 2024ರಲ್ಲಿ ಇಟ್ಟ ಮಿತಿ ಲೀಟರಿಗೆ ತಲಾ 4 ನ್ಯಾನೋಗ್ರಾಂ. ಎರಡರ ನಡುವೆ ಎರಡೂವರೆ ಲಕ್ಷ ಪಟ್ಟು ಅಂತರ.

"ಹಾಗಾದರೆ ಒಟ್ಟು ಫ್ಲೋರಿನ್ ಅಳೆದರಾಯಿತು" ಅನ್ನುವವರೂ ಇದ್ದಾರೆ. ಮಣ್ಣಿನಲ್ಲಿ ಅದೂ ನಡೆಯುವುದಿಲ್ಲ. ಸಾಮಾನ್ಯ ಮಣ್ಣಿನ ಖನಿಜಗಳಲ್ಲೇ ಕಿಲೋಗೆ ನೂರಾರು ಮಿಲಿಗ್ರಾಂ ಫ್ಲೋರಿನ್ ಇರುತ್ತದೆ. ನಾವು ಹುಡುಕುವುದು ಮೈಕ್ರೋಗ್ರಾಂ ಲೆಕ್ಕದ್ದು. ಅದಕ್ಕೇ ಲ್ಯಾಬ್‌ನಲ್ಲಿ ಮೊದಲು ಮೆಥನಾಲ್‌ನಂಥ ದ್ರಾವಕದಿಂದ ಸಾವಯವ ಭಾಗವನ್ನು ಹೊರತೆಗೆಯುತ್ತಾರೆ. ಅದನ್ನು ಸುಮಾರು 1000 ಡಿಗ್ರಿ ಸೆಲ್ಸಿಯಸ್‌ನಲ್ಲಿ ಸುಟ್ಟು, ಆಮೇಲೆ ಫ್ಲೋರೈಡ್ ಅಳೆಯುತ್ತಾರೆ. ಸೀಸ ಹುಡುಕಲು ಬಳಸುವ ಕೈಯಲ್ಲಿ ಹಿಡಿಯುವ ಎಕ್ಸ್‌ಆರ್‌ಎಫ್ ಗನ್ (ಎಕ್ಸ್‌ರೇ ಬಿಟ್ಟು, ವಸ್ತು ತಿರುಗಿ ಹೊಮ್ಮಿಸುವ ಎಕ್ಸ್‌ರೇಯಿಂದ ಧಾತು ಗುರುತಿಸುವ ಸಾಧನ) ಕೂಡ ಇಲ್ಲಿ ಕೆಲಸಕ್ಕೆ ಬಾರದು. ಫ್ಲೋರಿನ್ ಹೊಮ್ಮಿಸುವ ಎಕ್ಸ್‌ರೇ ತೀರಾ ದುರ್ಬಲ, ಗಾಳಿಯೇ ಅದನ್ನು ನುಂಗಿಬಿಡುತ್ತದೆ.

ಎರಡನೇ ತಪ್ಪು "ಇಲ್ಲ" ಅನ್ನುವ ತೀರ್ಪು. ಸ್ಕ್ರೀನಿಂಗ್ ತೀರ್ಪು ಕೊಡುವುದಿಲ್ಲ. ಎಲ್ಲಿ ಇನ್ನಷ್ಟು ಅಗೆಯಬೇಕು, ಯಾವ ಮಾದರಿಯನ್ನು ಮೊದಲು ಲ್ಯಾಬ್‌ಗೆ ಕಳಿಸಬೇಕು ಅನ್ನುವುದನ್ನಷ್ಟೇ ಹೇಳುತ್ತದೆ. ಸ್ಥಳದಲ್ಲೇ ಮಾಡುವ ಮೆಥಿಲೀನ್ ಬ್ಲೂ ಪರೀಕ್ಷೆಯನ್ನೇ ನೋಡಿ. ನೀಲಿ ಬಣ್ಣ ಕ್ಲೋರೋಫಾರ್ಮ್ ಪದರಕ್ಕೆ ಇಳಿದರೆ ಋಣ ಆವೇಶದ ನೊರೆಕಾರಕ ಇದೆ ಎಂದರ್ಥ. ಅದು ಪಿಎಫ್‌ಎಎಸ್ ಬೆರೆತ, ಬೆಂಕಿ ಆರಿಸುವ ಫೋಮ್ ಇರಬಹುದು, ಬಟ್ಟೆ ತೊಳೆದ ಡಿಟರ್ಜೆಂಟ್ ಕೂಡ ಇರಬಹುದು. ಬಣ್ಣ ಬರಲಿಲ್ಲ ಅಂದರೆ ಪ್ರಮಾಣ ಕಡಿಮೆ ಇದ್ದೀತು, ಅಷ್ಟೇ. ಇದಕ್ಕಿಂತ ನಂಬಬಹುದಾದದ್ದು ವ್ಯಾನಿನಲ್ಲಿ ತಂದಿಟ್ಟ ಮಾಸ್ ಸ್ಪೆಕ್ಟ್ರೋಮೀಟರ್, ಅಂದರೆ ಅಣುಗಳನ್ನು ಅವುಗಳ ತೂಕದಿಂದ ಗುರುತಿಸುವ ಯಂತ್ರ. ಅದೂ ಹುಡುಕಲೆಂದು ಮೊದಲೇ ಮಾಡಿಟ್ಟ ಪಟ್ಟಿಯಲ್ಲಿರುವ ಸಂಯುಕ್ತಗಳನ್ನಷ್ಟೇ ನೋಡುತ್ತದೆ.

ಈ ಪಟ್ಟಿಯ ಮಾತು ಯಾಕೆ ಮುಖ್ಯ ಅನ್ನುವುದಕ್ಕೆ ಜರ್ಮನಿಯ ರಾಸ್ಟಾಟ್ ಉದಾಹರಣೆ ಸಾಕು. ಅಲ್ಲಿ ಕಾಗದ ಕಾರ್ಖಾನೆಯ ಕೆಸರು ಬೆರೆತ ಕಾಂಪೋಸ್ಟ್ ಹೊಲಗಳಿಗೆ ಬಿದ್ದಿತ್ತು. 2013ರಲ್ಲಿ ವಿಷಯ ಬೆಳಕಿಗೆ ಬಂತು. ಆ ಸುತ್ತಮುತ್ತ ಸಾವಿರ ಹೆಕ್ಟೇರಿಗೂ ಹೆಚ್ಚು ಜಮೀನು ಕಲುಷಿತವಾಗಿದೆ. ಕಾಗದಕ್ಕೆ ಎಣ್ಣೆ ಹಿಡಿಯದಂತೆ ಸವರುವ ರಾಸಾಯನಿಕಗಳು ಮಾಮೂಲಿ ಪಟ್ಟಿಯಲ್ಲಿ ಇರುತ್ತಿರಲಿಲ್ಲ. ಮಣ್ಣಿನಲ್ಲಿ ನಿಧಾನಕ್ಕೆ ಒಡೆದು ಅವೇ ಪಿಎಫ್‌ಒಎಯಂಥವಾಗುತ್ತವೆ. ಪಟ್ಟಿ ಹಿಡಿದು ಹುಡುಕಿದವರಿಗೆ ಸಿಗುವುದು ಅಲ್ಲಿರುವುದರ ಒಂದು ಭಾಗ ಮಾತ್ರ.

ಅದಕ್ಕೇ ಸ್ಕ್ರೀನಿಂಗ್ ಶುರುವಾಗಬೇಕಾದ್ದು ಜಾಗದ ಚರಿತ್ರೆಯಿಂದ. ಇಲ್ಲಿ ಅಗ್ನಿಶಾಮಕ ತರಬೇತಿ ನಡೆದಿತ್ತಾ? ಕೆಸರು ಗೊಬ್ಬರ ಸುರಿದಿದ್ದರಾ? ಮಣ್ಣು ತೆಗೆಯುವವರ ಮೈಮೇಲೆ ವಾಟರ್‌ಪ್ರೂಫ್ ಜಾಕೆಟ್ ಇರಬಾರದು, ಹತ್ತಿರದಲ್ಲಿ ಟೆಫ್ಲಾನ್ ಟೇಪ್ ಇರಬಾರದು. ಅವುಗಳಿಂದಲೇ ಪಿಎಫ್‌ಎಎಸ್ ಮಾದರಿಗೆ ಸೇರಬಹುದು.

ಯಾರಾದರೂ ಸ್ಕ್ರೀನಿಂಗ್ ವರದಿ ಕೈಗಿಟ್ಟರೆ ಮೂರು ವಿಷಯ ಕೇಳಿ. ಯಾವ ಯಾವ ಸಂಯುಕ್ತ ಹುಡುಕಿದಿರಿ? ಎಷ್ಟು ಕಡಿಮೆ ಪ್ರಮಾಣದವರೆಗೆ ಕಾಣುತ್ತದೆ? ಇದೇ ಮಾದರಿಗಳಲ್ಲಿ ಎಷ್ಟನ್ನು ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ ಇಪಿಎಯ 1633ನೇ ವಿಧಾನದಂಥ ಪೂರ್ಣ ಪರೀಕ್ಷೆಗೆ ಕಳಿಸಿದಿರಿ? ಆ ವಿಧಾನವೂ ನೋಡುವುದು 40 ಸಂಯುಕ್ತಗಳನ್ನು. ಪಿಎಫ್‌ಎಎಸ್ ಕುಟುಂಬದಲ್ಲಿರುವುದು ಸಾವಿರಾರು.