ಕೀಲ್‌ನ ಹತ್ತು ಸಾವಿರ ಕುರ್ಚಿ, ಕಲಬುರಗಿಯ ಸುಣ್ಣದ ಗೆರೆ

‘ಹ್ಯಾಂಡ್‌ಬಾಲ್ ಅಂದ್ರ ಫುಟ್‌ಬಾಲ್‌ನ್ಯಾಗ ಕೈಗಿ ಬಾಲ್ ಬಡದ್ರ ಸೀಟಿ ಊದ್ತಾರಲ್ರಿ, ಅದಾ?’

ಕಲಬುರಗಿಯಲ್ಲಿ ಈ ಆಟದ ಮಾತೆತ್ತಿದಾಗಲೆಲ್ಲ ನನಗೆ ಎದುರಾಗುವ ಪ್ರಶ್ನೆ ಇದು. ಅದಲ್ಲ; ಇದು ಚೆಂಡನ್ನು ಕೈಯಿಂದಲೇ ಎಸೆದು ಗೋಲ್ ಹೊಡೆಯುವ ಬೇರೆಯೇ ಆಟ. ಶಾಲಾ ಕ್ರೀಡಾಕೂಟದ ಪಟ್ಟಿಯಲ್ಲಿ ಹ್ಯಾಂಡ್‌ಬಾಲ್ ಇದೆ, ಜನರ ಬಾಯಲ್ಲಿ ಇಲ್ಲ. ಇದೇ ಆಟ ಆಡಿದ ನಿಕೋಲ ಕರಬಾತಿಚ್ ಫ್ರಾನ್ಸ್‌ನಲ್ಲಿ ಮನೆಮಾತು.

ಅವರು ಹುಟ್ಟಿದ್ದು 1984ರಲ್ಲಿ, ಆಗಿನ ಯುಗೊಸ್ಲಾವಿಯಾದ ನಿಶ್ ನಗರದಲ್ಲಿ. ತಂದೆ ಬ್ರಾಂಕೊ ಹ್ಯಾಂಡ್‌ಬಾಲ್ ಗೋಲ್‌ಕೀಪರ್. ಕುಟುಂಬ ಫ್ರಾನ್ಸ್‌ಗೆ ಬಂದಾಗ ಹುಡುಗನಿಗೆ ನಾಲ್ಕು ತುಂಬಿರಲಿಲ್ಲ. 2003ರಲ್ಲಿ ಫ್ರಾನ್ಸ್‌ನ ಮಾಂಪೆಲಿಯೆ, 2007ರಲ್ಲಿ ಜರ್ಮನಿಯ ಕೀಲ್, 2015ರಲ್ಲಿ ಬಾರ್ಸಿಲೋನಾ: ಮೂರು ಕ್ಲಬ್‌ಗಳ ಪರ ಯುರೋಪಿನ ಕ್ಲಬ್‌ಗಳ ಅತಿ ದೊಡ್ಡ ಟೂರ್ನಿಯಾದ ಚಾಂಪಿಯನ್ಸ್ ಲೀಗ್ ಗೆದ್ದರು. ಮೂರು ಒಲಿಂಪಿಕ್ ಚಿನ್ನ, ಮೂರು ಸಲ ವರ್ಷದ ವಿಶ್ವ ಆಟಗಾರ. 2024ರಲ್ಲಿ ನಲವತ್ತರ ಹರೆಯದಲ್ಲಿ ಆರನೇ ಒಲಿಂಪಿಕ್ಸ್ ಆಡಿದರು. ಲೀಲ್ ನಗರದ ಕ್ವಾರ್ಟರ್ ಫೈನಲ್‌ನಲ್ಲಿ ಫ್ರಾನ್ಸ್ ಹೆಚ್ಚುವರಿ ಸಮಯಕ್ಕೆ ಹೋಗಿ ಜರ್ಮನಿಗೆ 34–35ರಿಂದ ಸೋತಿತು. ಅದೇ ಅವರ ಕೊನೆಯ ಪಂದ್ಯ.

ಪ್ರತಿಭೆಯೊಂದರಿಂದಲೇ ಇಷ್ಟು ಹೆಸರು ಬರುವುದಿಲ್ಲ. ಕೀಲ್ ನೋಡಿ. ಅಲ್ಲಿನ ಜನಸಂಖ್ಯೆ ಸುಮಾರು ಎರಡೂವರೆ ಲಕ್ಷ, ನಮ್ಮ ಕಲಬುರಗಿಯ ಅರ್ಧವೂ ಇಲ್ಲ. ಆದರೂ ಹತ್ತು ಸಾವಿರ ಜನ ಕೂತು ಹ್ಯಾಂಡ್‌ಬಾಲ್ ನೋಡುವ ಒಳಾಂಗಣ ಕ್ರೀಡಾಂಗಣ ಅಲ್ಲಿದೆ. ಜರ್ಮನಿಯ ಹ್ಯಾಂಡ್‌ಬಾಲ್ ಲೀಗ್ ಬುಂಡೆಸ್‌ಲಿಗಾ ನಡೆಯುತ್ತಿರುವುದು 1966ರಿಂದ. ಅಜ್ಜ ಬೆಂಬಲಿಸಿದ ಕ್ಲಬ್ಬನ್ನೇ ಮೊಮ್ಮಗನೂ ಬೆಂಬಲಿಸುವಷ್ಟು ಕಾಲ ಸರಿದಿದೆ. ಆಟಗಾರ ಬರುವ ಮೊದಲೇ ಅಲ್ಲಿ ಅಭಿಮಾನಿ ಸಿದ್ಧನಿರುತ್ತಾನೆ.

ಏಷ್ಯನ್ ಗೇಮ್ಸ್‌ಗೆ ಹ್ಯಾಂಡ್‌ಬಾಲ್ ಸೇರಿದ್ದೇ 1982ರಲ್ಲಿ, ನಮ್ಮ ದೆಹಲಿಯಲ್ಲಿ. 2022ರಲ್ಲಿ ಭಾರತದ ಹುಡುಗಿಯರು ಏಷ್ಯನ್ ಜೂನಿಯರ್ ಪ್ರಶಸ್ತಿ ಗೆದ್ದರು. ಎಷ್ಟು ದೊಡ್ಡ ಗೆಲುವು ಅದು! ಇಲ್ಲಿ ಎಷ್ಟು ಜನಕ್ಕೆ ಗೊತ್ತಾಯಿತು? ವೃತ್ತಿಪರ ಲೀಗ್, ಪ್ರೀಮಿಯರ್ ಹ್ಯಾಂಡ್‌ಬಾಲ್ ಲೀಗ್, ಶುರುವಾದದ್ದು 2023ರಲ್ಲಷ್ಟೇ, ಜೈಪುರದಲ್ಲಿ.

ನಮ್ಮಲ್ಲಿ ಆಟದ ದಾರಿ ಶಾಲೆಯಿಂದ ಕಾಲೇಜಿಗೆ, ಅಲ್ಲಿಂದ ಕ್ರೀಡಾ ಕೋಟಾದ ನೌಕರಿಯ ಆಸೆಗೆ. ನಡುವೆ ಕ್ಲಬ್ ಇಲ್ಲ. ಕ್ಲಬ್ ಇಲ್ಲದಲ್ಲಿ ವಾರವಾರ ನೋಡಲು ಬರುವವರಾದರೂ ಯಾರು?

ಒಂದು ಮಳೆಗಾಲದಲ್ಲಿ ನಮ್ಮ ಭಾಗದ ಶಾಲಾ ಮೈದಾನದಲ್ಲಿ ಪಂದ್ಯ ನೋಡಿದ್ದೆ. ಪಿ.ಟಿ. ಮಾಸ್ತರರು ಸುಣ್ಣದ ಪುಡಿಯಲ್ಲಿ ಆರು ಮೀಟರ್ ಗೆರೆ ಎಳೆದಿದ್ದರು; ಅದರೊಳಗೆ ಗೋಲ್‌ಕೀಪರ್ ಬಿಟ್ಟು ಬೇರೆಯವರು ಕಾಲಿಡುವಂತಿಲ್ಲ. ಹಿಂದಿನ ರಾತ್ರಿಯ ಮಳೆಗೆ ಎರೆಮಣ್ಣು ಮೆತ್ತಗಾಗಿ ಚೆಂಡು ಪುಟಿಯುತ್ತಲೇ ಇರಲಿಲ್ಲ. ಮಕ್ಕಳು ಪುಟಿಸುವುದನ್ನು ಬಿಟ್ಟು ಕೈಯಿಂದ ಕೈಗೆ ಪಾಸ್ ಕೊಟ್ಟು ಆಡಿದರು. ತೆಳ್ಳಗಿನ ಹುಡುಗಿಯೊಬ್ಬಳು ಮೂರು ಹೆಜ್ಜೆ ಹಾಕಿ, ಗೆರೆಯ ಹಿಂದಿನಿಂದ ಜಿಗಿದು, ಕಾಲು ನೆಲಕ್ಕೆ ತಾಗುವ ಮೊದಲೇ ಚೆಂಡನ್ನು ಗೋಲ್‌ನ ಮೇಲ್ಮೂಲೆಗೆ ಬೀಸಿದಳು. ಮೈನವಿರೆದ್ದಿತು.

ಪಂದ್ಯ ಮುಗಿದ ಮೇಲೆ ಚಪ್ಪಲಿಗೆ ಅಂಟಿದ ಕೆಸರನ್ನು ಕಡ್ಡಿಯಿಂದ ಕೆರೆಯುತ್ತ ಆಕೆ ಕೇಳಿದಳು: ‘ಸರ, ಇನ್ನೊಂದು ಮ್ಯಾಚ್ ಯಾವಾಗ್ರಿ?’

‘ಮುಂದಿನ ವರ್ಷ ಬೇ,’ ಅಂದರು ಮಾಸ್ತರರು.

ಆಕೆ ಆಗ ಹತ್ತನೇ ಕ್ಲಾಸಿನಲ್ಲಿದ್ದಳು.